ಎರಡು ಬೀಜಕ್ಕೆ ಒಂದೇ ಚಿಲುಮೆ

ಅಲ್ಲಾಲ್ ಬಾಗಿಲಲ್ಲಿ ಬೂಟು ಕಳಚಿ ಒಳಗೆ ಬಂದಾಗ ಯಾಮ್ನಾ ಒಲೆಯ ಮೇಲಿನ ಅವರೆ ಗಂಜಿಗೆ ಆಲಿವ್ ಎಣ್ಣೆ ಸುರಿಯುತ್ತಿದ್ದಳು. ಅಲ್ಲಾಲ್ ಅವಳ ತೀರಿಹೋದ ಗಂಡನ ತಮ್ಮ. ಕೂತವನೇ ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಅಂಗೈ ಮೇಲೆ ಬೋರಲು ಹಾಕಿದ. ಕಡ್ಡಿಯ ಬದಲು ಗಾಂಜಾ ಬೀಜ ಉದುರಿದವು. ದಪ್ಪ ಬೀಜ, ಮೈತುಂಬ ಹುಲಿಪಟ್ಟೆ.

“ನೋಡಿ ಅತ್ತಿಗೆ, ಸಮುದ್ರದಾಚೆಯಿಂದ ಬಂದಿರೋದು. ಇದರ ಒಂದು ಗಿಡ ನಮ್ಮ ಹತ್ತು ಗಿಡಕ್ಕೆ ಸಮ.”

“ಹತ್ತು ಗಿಡದ ನೀರನ್ನೂ ಕುಡಿಯುತ್ತಾ?”

“ಶುರು ಮಾಡಿದ್ರಾ! ಇನ್ನೂ ಗಂಜೀನೂ ಬಡಿಸಿಲ್ಲ, ಆಗ್ಲೇ ನೀರಿನ ಮಾತು.”

ರಿಫ್ ಬೆಟ್ಟದ ಆ ಇಳಿಜಾರಿನಲ್ಲಿದ್ದದ್ದು ಏಳೇ ಮನೆ. ಅಜ್ಜಂದಿರ ಕಾಲದಿಂದ ಅಲ್ಲಿ ಬಿತ್ತುತ್ತಿದ್ದದ್ದು ಬಲ್ದಿಯಾ, ಅಂದರೆ ನೆಲದ ತಳಿ. ಸೊಂಟದೆತ್ತರಕ್ಕೂ ಬಾರದ ಗಿಡ. ಚಳಿಗಾಲದ ಮಳೆಯ ತೇವದಲ್ಲೇ ಹುಟ್ಟಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅಲ್ಲಿನ ಬೇಸಿಗೆ ಮುಗಿಯುವ ಮೊದಲೇ ಮಾಗಿ ಕೊಯ್ಲಿಗೆ ಬರುತ್ತಿತ್ತು. ಅಲ್ಲಾಲ್ ತಂದ ತಳಿಯ ಗಿಡ ಆಳೆತ್ತರ ಬೆಳೆದು, ಪೊದೆಯಂತೆ ಹರಡಿ, ಅಂಟು ಸುರಿಸುತ್ತಿತ್ತು. ಆದರೆ ಬೇಸಿಗೆ ಪೂರ್ತಿ ಅದರ ಬುಡ ಒಣಗುವಂತಿರಲಿಲ್ಲ. ಸರಕಾರ ಪರವಾನಗಿ ಕೊಡಲು ಶುರುಮಾಡಿದ ಮೇಲೆ ಪಟ್ಟಣದ ಸಹಕಾರ ಸಂಘ ಎರಡನ್ನೂ ಕೊಳ್ಳುತ್ತಿತ್ತು. ಯಾವ ತಳಿ ಬಿತ್ತುತ್ತೀರಿ ಎಂದು ಫೆಬ್ರವರಿ ಮುಗಿಯುವುದರೊಳಗೆ ಬರೆದುಕೊಡಬೇಕಿತ್ತು, ಅಷ್ಟೆ. ಏಳು ಮನೆಯ ಪಟ್ಟಿ ಬರೆದು ಒಯ್ಯುತ್ತಿದ್ದವನು ಅಲ್ಲಾಲ್.

ಊರಿಗೆ ಇದ್ದದ್ದು ಒಂದೇ ನೀರಿನ ಚಿಲುಮೆ. ಏಳು ಮನೆಗೆ ವಾರದ ಏಳು ದಿನದ ಸರದಿ. ಬುಧವಾರ ಯಾಮ್ನಾಳದು. ಚಿಲುಮೆಯ ಕೆಳಗೆ ಪ್ಲಾಸ್ಟಿಕ್ ಹಾಸಿದ ಹೊಂಡ ತೋಡಿ, ಏಳು ದಿನದ ನೀರನ್ನೂ ಅಲ್ಲಿ ಕೂಡಿಟ್ಟು, ಪೈಪಿನಲ್ಲಿ ಹರಿಸುವುದು ಅಲ್ಲಾಲನ ಲೆಕ್ಕಾಚಾರ. ಆರು ಮನೆಯವರು ಹೂಂ ಅಂದಾಗಿತ್ತು.

“ನಿಮ್ಮದೊಂದು ಬುಧವಾರ ಬಾಕಿ,” ಅಂದ.

“ಒಂದು ವಾರ ಟೈಮ್ ಕೊಡು. ನೋಡಿ ಬಂದು ಹೇಳ್ತೀನಿ.”

“ಏನನ್ನ ನೋಡೋದು?”

“ತಿಂದವರ ಹೊಟ್ಟೇನ.”

ಮರುದಿನ ಬೆಳಿಗ್ಗೆ ಹೇಸರಗತ್ತೆ ಹತ್ತಿ ಗುಡ್ಡ ದಾಟಿ ಅಕ್ಕ ತಮಿಮೊಂತಳ ಊರಿಗೆ ಹೋದಳು. ಅಲ್ಲಿನವರು ಹೊರಗಿನ ತಳಿ ಬೆಳೆಯಲು ಶುರುಮಾಡಿ ಆರು ವರ್ಷವಾಗಿತ್ತು. ಅಕ್ಕನ ಮನೆ ಗುರುತೇ ಸಿಗಲಿಲ್ಲ. ಮಣ್ಣಿನ ಗೋಡೆಯ ಜಾಗದಲ್ಲಿ ಗುಲಾಬಿ ಬಣ್ಣದ ಮಹಡಿ ಎದ್ದಿತ್ತು. ಭಾವ ಅಂಗಳದಲ್ಲಿ ಉದ್ದ ಕೊಳವೆ ಹಿಡಿದು ಹೊಗೆ ಬಿಡುತ್ತಾ ಕೂತಿದ್ದ.

“ಹೇಗಿದೆ ಭಾವ, ಹೊಸ ಮಾಲು?”

“ಹಳೇದು ಸೇದಿದ್ರೆ ಊರ ಕಥೆಯೆಲ್ಲ ಬಾಯಿಗೆ ಬರ್ತಿತ್ತು ಯಾಮ್ನಾ. ಇದು ಸೇದಿದ್ರೆ ಗೋಡೆ ನೋಡ್ತಾ ಕೂತ್ಕೋಬೇಕು.”

“ಮತ್ಯಾಕೆ ಸೇದ್ತೀರಾ?”

“ಗೋಡೆ ಹೊಸದಲ್ವಾ!” ಎಂದು ಅವನು ತಾನೇ ನಕ್ಕ.

ತಮಿಮೊಂತ್ ಪುದೀನಾ ಚಹಾ ತಂದಳು. ನಾಲ್ಕು ವರ್ಷದ ಹಿಂದೆ ಗೋಡೆ ಹಿಡಿದು ನಡೆಯುತ್ತಿದ್ದವಳು ಈಗ ಹುಡುಗಿಯಂತೆ ಸರಸರನೆ ಓಡಾಡುತ್ತಿದ್ದಳು. “ಎರಡೂ ಮೊಣಕಾಲಿಗೆ ಆಪರೇಷನ್ ಆಯ್ತು. ಚಿಕ್ಕ ಮಗಳು ತೆತ್ವಾನ್ ಪಟ್ಟಣದಲ್ಲಿ ನರ್ಸಿಂಗ್ ಓದ್ತಿದಾಳೆ. ಸುಳ್ಳು ಯಾಕೆ ಹೇಳ್ಲಿ, ಎಲ್ಲ ಆ ಗಿಡದ್ದೇ ಕಣೇ.”

“ಚಿಲುಮೆ ಹೇಗಿದೆ ಅಕ್ಕ?”

ತಮಿಮೊಂತ್ ಲೋಟ ಕೆಳಗಿಟ್ಟಳು. “ಬಾ, ತೋರಿಸ್ತೀನಿ.”

ಮದುವೆಯಾದ ಹೊಸದರಲ್ಲಿ ಅಕ್ಕ ಬಟ್ಟೆ ಒಗೆಯುತ್ತಿದ್ದ, ಚಿಲುಮೆಯ ಬುಡದ ಕಲ್ಲುತೊಟ್ಟಿ ಹಾಗೇ ಇತ್ತು. ಅದರೊಳಗೆ ಒಣ ಎಲೆ ತುಂಬಿತ್ತು, ಅಂಚಿನ ಮೇಲೆ ಹಲ್ಲಿಯೊಂದು ಬಿಸಿಲು ಕಾಯಿಸುತ್ತಿತ್ತು. ಪಕ್ಕದ ಅಕ್ರೋಟ ಮರದ ತೊಗಟೆ ಕೈ ತಾಗಿದರೆ ಕಳಚಿ ಬೀಳುತ್ತಿತ್ತು.

“ಮೂರನೇ ವರ್ಷದವರೆಗೂ ಬತ್ತುತ್ತಿರೋದು ಯಾರಿಗೂ ಗೊತ್ತಾಗ್ಲಿಲ್ಲ,” ಅಂದಳು ತಮಿಮೊಂತ್. “ಆಮೇಲೆ ಬೋರ್‌ವೆಲ್ ಕೊರೆಸಿದ್ರು. ಈಗ ಕುಡಿಯೋ ನೀರಿಗೆ ಟ್ಯಾಂಕರ್. ಅದು ಟಾರ್ ರಸ್ತೆವರೆಗೆ ಮಾತ್ರ ಬರುತ್ತೆ.”

“ನನಗೇನು ಹೇಳ್ತೀಯ?”

“ನನ್ನ ಕೇಳ್ಬೇಡ. ನನಗೆ ಕಾಲು ಬೇಕಿತ್ತು, ಬಂತು. ನೀರು ಹೋಯ್ತು. ಈಗ ಈ ಕಾಲಲ್ಲೇ ನೀರಿಗೆ ನಡೀತೀನಿ.”

ದಾರಿಯುದ್ದಕ್ಕೂ ಯಾಮ್ನಾ ಈ ಮಾತನ್ನೇ ಮೆಲುಕು ಹಾಕಿದಳು. ಅಕ್ಕ ಅತ್ತಿದ್ದರೆ ತೀರ್ಮಾನ ಸುಲಭವಾಗುತ್ತಿತ್ತು, ಹಿಗ್ಗಿದ್ದರೂ ಸುಲಭವಾಗುತ್ತಿತ್ತು. ಅಕ್ಕ ಎರಡೂ ಮಾಡಿರಲಿಲ್ಲ. ತನಗೂ ವಯಸ್ಸಾಗುತ್ತಿತ್ತು, ಮೊಣಕಾಲು ಇವತ್ತಲ್ಲ ನಾಳೆ ತನಗೂ ಕೈಕೊಡುತ್ತದೆ. ಆದರೆ ಹೊಂಡಕ್ಕೆ ಹೋದ ನೀರು ಮತ್ತೆ ಬುಧವಾರ ಆಗುವುದಿಲ್ಲ. ತಪ್ಪಾದರೆ ತಿದ್ದಿಕೊಳ್ಳಲು ಆಗುವಂಥದ್ದು ಯಾವುದು ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರ ಸಿಗುವ ಹೊತ್ತಿಗೆ ಮನೆಯ ಸೂರು ಕಂಡಿತು.

“ಬಲ್ದಿಯಾ ಅಂತ ಬರ್ಕೋ,” ಅಂದಳು, ವಾರ ತುಂಬಿ ಮತ್ತೆ ಗಂಜಿಗೆ ಕೂತ ಅಲ್ಲಾಲನಿಗೆ. “ನನ್ನ ಬುಧವಾರ ಹೊಂಡಕ್ಕೆ ಬರಲ್ಲ.”

ಅಲ್ಲಾಲನ ಮುಖ ಕೆಂಪಾಯಿತು. “ನಮ್ಮಣ್ಣ ಇದ್ದಿದ್ರೆ ನನ್ನ ಮಾತು ತೆಗೆದುಹಾಕ್ತಿರಲಿಲ್ಲ.”

“ನಿಮ್ಮಣ್ಣ ಇದ್ದಿದ್ರೆ ಮೊದಲು ನನ್ನ ಕೇಳ್ತಿದ್ರು.”

ಅವನು ಗಂಜಿ ಅರ್ಧಕ್ಕೇ ಬಿಟ್ಟು ಎದ್ದುಹೋದ. ಆ ವರ್ಷ ಹಬ್ಬಕ್ಕೂ ಅವಳ ಹೊಸ್ತಿಲು ತುಳಿಯಲಿಲ್ಲ. ಆರು ಮನೆಯವರು ಸೇರಿ ಹೊಂಡ ತೋಡಿದರು. ಬುಧವಾರ ಮಾತ್ರ ನೀರು ಹಳೆಯ ಕಾಲುವೆಯಲ್ಲಿ ಹರಿದು ಯಾಮ್ನಾಳ ಈರುಳ್ಳಿ, ಪುದೀನಾ, ಅಂಜೂರದ ಬುಡಕ್ಕೆ ಹೋಗುತ್ತಿತ್ತು. ಅವಳ ಬಲ್ದಿಯಾಕ್ಕೆ ಮೇಲಿನ ಒಣ ಹೊಲದ ಮಳೆ ತೇವವೇ ಸಾಕಾಗಿತ್ತು.

ಜುಲೈ ನಡುವಿನಲ್ಲಿ ಚಿಲುಮೆ ಸಣ್ಣಗಾಯಿತು. ಹೊಂಡದ ನೀರು ತಳ ಕಂಡು, ಕಪ್ಪು ಪ್ಲಾಸ್ಟಿಕ್ ಬಿಸಿಲಿಗೆ ಬಿರಿಯಿತು. ಒಂದು ಬೆಳಿಗ್ಗೆ ಯಾಮ್ನಾ ಕಾಲುವೆ ತಿರುಗಿಸಲು ಹೋದಾಗ ಅಲ್ಲಾಲ್ ಒಬ್ಬನೇ ತನ್ನ ತೋಟದಲ್ಲಿ ನಿಂತಿದ್ದ. ಎದೆಯೆತ್ತರದ ಗಿಡಗಳೆಲ್ಲ ಎಲೆ ಜೋಲು ಬಿಟ್ಟಿದ್ದವು. ಅವನು ಒಂದು ಗಿಡದ ಬುಡ ಹಿಡಿದು, ಕೀಳಲೂ ಆಗದೆ, ಬಿಡಲೂ ಆಗದೆ ಬಗ್ಗಿ ನಿಂತಿದ್ದ.

ತನ್ನ ಮಾತು ನಿಜವಾದ ದಿನ ಮನಸ್ಸು ತಂಪಾಗುತ್ತದೆ ಎಂದು ಯಾಮ್ನಾ ಐದು ತಿಂಗಳಿಂದ ಅಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ. ಬಾಗಿದ ಆ ಬೆನ್ನು ಗಂಡನ ಬೆನ್ನಿನ ಹಾಗೇ ಇತ್ತು.

“ಅರ್ಧ ಕಿತ್ತುಹಾಕು,” ಅಂದಳು ಕಾಲುವೆಯ ದಡದಿಂದಲೇ. “ಉಳಿದದ್ದಕ್ಕೆ ಎರಡು ಬುಧವಾರ ನನ್ನ ನೀರು ತಗೋ. ಹೊಂಡಕ್ಕಲ್ಲ, ನೇರ ಬುಡಕ್ಕೆ. ಎರಡೇ ಬುಧವಾರ.”

ಅವನು ತಲೆ ಎತ್ತಲಿಲ್ಲ. “ನಿಮ್ಮ ಈರುಳ್ಳಿ?”

“ಸಾಯುತ್ತೆ. ಬೇಗ ಕೀಳು, ಬಿಸಿಲೇರ್ತಿದೆ.”

ಇಬ್ಬರೂ ಸೇರಿ ಮಧ್ಯಾಹ್ನದವರೆಗೆ ಹಸಿ ಗಿಡ ಕಿತ್ತು ದಡಕ್ಕೆಸೆದರು. ಈರುಳ್ಳಿ ಸತ್ತೇ ಹೋಯಿತು. ಒಣಗಿದ ಮಡಿ ಕಂಡಾಗಲೆಲ್ಲ ಯಾಮ್ನಾಳಿಗೆ ಸಿಟ್ಟು ಬರುತ್ತಿತ್ತು. ಅದು ಅವನ ಮೇಲೋ ತನ್ನ ಮೇಲೋ ಎಂದು ಅವಳಿಗೇ ತಿಳಿಯುತ್ತಿರಲಿಲ್ಲ.

ಆಗಸ್ಟ್‌ನಲ್ಲಿ ಅವಳ ಬಲ್ದಿಯಾ ಕೊಯ್ಲಾಗಿ ಮಾಳಿಗೆ ಮೇಲೆ ಒಣಗಿತು. ಅಲ್ಲಾಲನದು ಅಕ್ಟೋಬರಿನಲ್ಲಿ ಬಂತು. ಅರ್ಧವೇ ಉಳಿದರೂ ಅದು ಯಾಮ್ನಾಳ ಇಡೀ ಬೆಳೆಗಿಂತ ಹೆಚ್ಚು ತೂಗಿತು. ಅದನ್ನು ಅವಳೂ ಕಣ್ಣಾರೆ ಕಂಡಳು, ಸಣ್ಣ ಮಾಡಿ ಆಡಲಿಲ್ಲ.

ಆದರೂ ನವೆಂಬರಿನ ಒಂದು ಮಧ್ಯಾಹ್ನ ಅವನು ಮಾಳಿಗೆ ಹತ್ತಿ ಬಂದ. ಅವಳು ಬೀಜಕ್ಕೆಂದು ಎತ್ತಿಟ್ಟಿದ್ದ ಕಟ್ಟುಗಳನ್ನು ಬಿಚ್ಚಿ ಗಿಡ ಆರಿಸುತ್ತಿದ್ದಳು.

“ಮೇಲಿನ ಒಣ ಹೊಲಕ್ಕೆ ಒಂದಿಷ್ಟು ಬೀಜ ಬೇಕಿತ್ತು ಅತ್ತಿಗೆ. ಕೆಳಗಡೆ ಮಾತ್ರ ಹೊಸದು ಹಾಕ್ತೀನಿ, ಈ ಸಲದ ಅರ್ಧದಷ್ಟೇ. ಪೂರ್ತಿ ಬಿಡೋಕಾಗಲ್ಲ, ಬೈಬೇಡಿ.”

“ಬೈದ್ರೆ ಬಿಡ್ತೀಯಾ? ಕೂತ್ಕೋ. ನೀನೇ ಆರಿಸ್ಕೋ.”

ಅವನು ಕಟ್ಟಿನಲ್ಲಿ ಕೈಯಾಡಿಸಿ ಎಲ್ಲಕ್ಕಿಂತ ದಪ್ಪನೆಯ ಗಿಡ ಎಳೆದ. ಯಾಮ್ನಾ ಗಹಗಹಿಸಿ ನಕ್ಕಳು.

“ಅದು ತಿಪ್ಪೆ ಪಕ್ಕ ಬೆಳೆದದ್ದು ಕಣೋ! ಅದು ಗೊಬ್ಬರದ ಗುಣ, ಗಿಡದ್ದಲ್ಲ. ಕಲ್ಲು ನೆಲದಲ್ಲಿದ್ದೂ ಯಾವುದು ಬೇಗ ಮಾಗಿದೆ, ಅದನ್ನ ನೋಡು. ಕಾಂಡ ಬಗ್ಗಿಸು. ಮೂಸು.”

ಅಲ್ಲಾಲ್ ಒಂದೊಂದನ್ನೇ ಬಗ್ಗಿಸಿ, ಉಜ್ಜಿ, ಮೂಸಿ ನೋಡಿದ. ಕೆಲವಕ್ಕೆ ಒಣ ಹುಲ್ಲಿನ ವಾಸನೆ, ಕೆಲವಕ್ಕೆ ದೇವದಾರು ಅಂಟಿನದು. ಕಡೆಗೆ ಗೇಣುದ್ದದ ಒಂದು ಗಿಡವನ್ನು ಅನುಮಾನಿಸುತ್ತಲೇ ಮುಂದೆ ಹಿಡಿದ.

“ಇದಾ?”

ಯಾಮ್ನಾ ಅದನ್ನು ಮೂಸಿ, ಬೆಳಕಿಗೆ ಹಿಡಿದು ನೋಡಿ, ಬೀಜದ ರಾಶಿಯ ಕಡೆಗಿಟ್ಟಳು. “ಇನ್ನೊಂದು ತೆಗಿ,” ಅಂದಳು. ಸಂಜೆಯ ನಮಾಜಿನ ಕರೆ ಕೇಳುವವರೆಗೂ ಇಬ್ಬರೂ ಅಲ್ಲೇ ಕೂತು ಆರಿಸಿದರು.