ಎಪ್ಪತ್ತೈದರ ಬಾಗಿಲು

ಮೊಣಕಾಲಿನ ಆಪರೇಷನ್ ಆಗಿ ಈ ಆಸ್ಪತ್ರೆಯಲ್ಲಿ ಉಳಿದ ಮೇಲೆ ನನಗಿದ್ದದ್ದು ಒಂದೇ ಕೆಲಸ. ಮಧ್ಯಾಹ್ನ ಕೋಲೂರಿಕೊಂಡು ಅಂಗಳ ದಾಟಿ, ಎದುರು ಕಟ್ಟಡದಲ್ಲಿ ಹಾಸಿಗೆ ಹಿಡಿದಿರುವ ತಂಗಿಗೆ ಉಣ್ಣಿಸಿ ಬರುವುದು. ಅವಳು ಬಾಯಿ ತೆರೆಯುವುದು ನನ್ನ ಕೈತುತ್ತಿಗೆ ಮಾತ್ರ.

ಆವತ್ತು ನರ್ಸಮ್ಮ ನನ್ನ ಮುಂಗೈಗೆ ಕೆಂಪು ಪಟ್ಟಿ ಕಟ್ಟಿ, ಅಂಗಳದ ಬಾಗಿಲಿಗೆ ಅಗುಳಿ ಹಾಕಿದರು.

"ನಿನ್ನೆ ಬಿಟ್ರಲ್ಲಮ್ಮ?"

"ನಿನ್ನೆ ನಿಮಗೆ ಎಪ್ಪತ್ನಾಲ್ಕು ಅಜ್ಜಿ. ಇವತ್ತಿಗೆ ಎಪ್ಪತ್ತೈದು ತುಂಬ್ತು. ಜಾರಿ ಬೀಳೋ ಅಪಾಯ ಇರೋರ ಗುಂಪಿಗೆ ಸೇರಿದ್ರಿ. ಒಳಗೇ ಇರ್ಬೇಕು."

"ನಾನು ಹುಟ್ಟಿದ ದಿನ ನಮ್ಮಪ್ಪಂಗೇ ಗೊತ್ತಿರ್ಲಿಲ್ಲ ಕಣಮ್ಮ. ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬಾಯಿಗೆ ಬಂದದ್ದು ಬರ್ಕೊಂಡ್ರು."

"ಹಂಗಾದ್ರೆ ಆ ಮೇಷ್ಟ್ರನ್ನೇ ಕರ್ಕೊಂಡ್ಬನ್ನಿ, ಬಾಗಿಲು ತೆಗೀತೀನಿ."

ಆ ಗುಂಪು ಮಾಡಿದವಳು ಹೊರಗಿನವಳಲ್ಲ, ನನ್ನ ಮೊಮ್ಮಗಳೇ. ಇದೇ ಆಸ್ಪತ್ರೆಯಲ್ಲಿ ಅವಳಿಗೆ ಲೆಕ್ಕದ ಕೆಲಸ. ಹಿಂದೆ ಬಿದ್ದವರ ವಿವರ ಹಿಡಿದು, ಮುಂದೆ ಯಾರು ಬಿದ್ದಾರು ಎಂದು ಹೇಳಬೇಕು. ಸುದ್ದಿ ಕೇಳಿ ಓಡಿಬಂದಳು.

"ಎಪ್ಪತ್ತೈದಕ್ಕೆ ಗಡಿ ಹಾಕಿ ವಯಸ್ಸನ್ನ ಎರಡು ತುಂಡು ಮಾಡಿದ್ದೇ ತಪ್ಪಾಯ್ತು ಅಜ್ಜಿ. ನರ್ಸ್‌ಗಳಿಗೆ ಸುಲಭ ಆಗ್ಲಿ ಅಂತ ಮೇಲಿನವರು ಕೇಳಿದ್ರು. ಅಪಾಯ ಏರೋದು ದಿಬ್ಬದ ದಾರಿ ಥರ, ನಿಧಾನಕ್ಕೆ. ರಾತ್ರಿ ಕಳೆಯೋದ್ರೊಳಗೆ ಮೆಟ್ಟಿಲಿನ ಥರ ಒಮ್ಮೆಲೇ ಏರಲ್ಲ."

"ಸರಿಮಾಡೇ ತಾಯಿ. ನಿನ್ನ ಚಿಕ್ಕಜ್ಜಿ ಹಸ್ಕೊಂಡಿರ್ತಾಳೆ."

ನನ್ನ ಮಂಚದ ತುದಿಯಲ್ಲೇ ಕಂಪ್ಯೂಟರ್ ಬಿಚ್ಚಿ ಕೂತಳು. ವಯಸ್ಸನ್ನು ತುಂಡು ಮಾಡದೆ, ಇದ್ದ ಹಾಗೇ ಇಟ್ಟು ಲೆಕ್ಕ ಮತ್ತೆ ಮಾಡಿದಳು. ಪರದೆಯ ಮೇಲೆ ಅಪಾಯದ ಗೆರೆ ಮೆಲ್ಲಗೆ ಬಾಗುತ್ತಾ ಮೇಲೇರಿತು. ಎಲ್ಲೂ ಮುರಿದಿರಲಿಲ್ಲ.

"ನೋಡಿ ಸಿಸ್ಟರ್, ನಿನ್ನೆಯ ಅಜ್ಜಿಗೂ ಇವತ್ತಿನ ಅಜ್ಜಿಗೂ ಕೂದಲೆಳೆ ವ್ಯತ್ಯಾಸ."

ನರ್ಸಮ್ಮ ಬಗ್ಗಿ ನೋಡಿದರು. "ಚೆನ್ನಾಗೇ ಇದೆ. ಆದ್ರೆ ನನ್ನ ಹತ್ರ ಇರೋದು ಅಗುಳಿ. ಅರ್ಧ ತೆಗೆಯೋಕೆ ಬರಲ್ಲ. ಎಲ್ಲೀವರೆಗೆ ಬಿಡ್ಲಿ, ಎಲ್ಲಿಂದ ತಡೀಲಿ?"

ಮೊಮ್ಮಗಳ ಬೆರಳು ಗೆರೆಯ ಮೇಲೆ ಹತ್ತಿತು, ಇಳಿಯಿತು. ಎಲ್ಲೂ ನಿಲ್ಲಲಿಲ್ಲ. ಪಕ್ಕದ ಮಂಚದ ಟೈಲರಮ್ಮ, ನನಗಿಂತ ಮೂರು ವರ್ಷ ದೊಡ್ಡವರು, ತಮ್ಮ ಕೆಂಪು ಪಟ್ಟಿ ಸವರಿಕೊಳ್ಳುತ್ತಾ ಅವಳನ್ನೇ ನೋಡುತ್ತಿದ್ದರು.

"ಗಡಿ ಎಲ್ಲಿಟ್ರೂ ಅದರಾಚೆ ಒಬ್ರು ಉಳೀತಾರೆ," ಎಂದಳು ಮೊಮ್ಮಗಳು. "ಮೇಲಿನವರನ್ನೇ ಕೇಳ್ಬೇಕು."

"ಕೇಳ್ಕೊಂಡು ಬನ್ನಿ. ಅಲ್ಲೀವರೆಗೂ ಹಳೇದೇ."

ಅವಳು ತಲೆ ತಗ್ಗಿಸಿಕೊಂಡು, ಚಿಕ್ಕಜ್ಜಿಗೆ ತಾನೇ ಉಣ್ಣಿಸುತ್ತೇನೆಂದು ಅಂಗಳ ದಾಟಿ ಹೋದಳು. ಅವಳ ಹಿಂದೆ ಅಗುಳಿ ಬಿತ್ತು. ನಾನು ಕಿಟಕಿಯ ಸರಳು ಹಿಡಿದು ನಿಂತೆ. ಎದುರು ಕಿಟಕಿಯಲ್ಲಿ ತುತ್ತು ಹಿಡಿದ ಮೊಮ್ಮಗಳ ಕೈ ಏರುವುದು ಕಂಡಿತು, ಹಾಗೇ ಇಳಿಯುವುದೂ ಕಂಡಿತು. ತಂಗಿಯ ಮುಖ ಬಾಗಿಲ ಕಡೆಗೇ ಇತ್ತು.