ನೀರು ಬಿಡುತ್ತಿದ್ದವರು ಯಾರು

ಗುರುಕಿರಣ್ ತಂದ ದೃಶ್ಯಗಳನ್ನು ನೋಡಿ ಎಲ್ಲರೂ ಚಪ್ಪಾಳೆ ತಟ್ಟಿದರು. ತಹ್ರೀಮ್ ಮಾತ್ರ ಕೈಕಟ್ಟಿ ಕೂತಿದ್ದಳು.

ಕೊಲ್ಲಿ ತೀರದ ಸ್ಯಾನ್ ಮಟಿಯೋ ಊರಿನ ಆ ಪುಟ್ಟ ಸ್ಟುಡಿಯೋದಲ್ಲಿ ಒಂದು ಸಾಕ್ಷ್ಯಚಿತ್ರ ತಯಾರಾಗುತ್ತಿತ್ತು. ಮನುಷ್ಯರೆಲ್ಲ ಇದ್ದಕ್ಕಿದ್ದಂತೆ ಇಲ್ಲವಾಗಿಬಿಟ್ಟರೆ ಭೂಮಿಯ ಗತಿ ಏನು ಎನ್ನುವುದು ಅದರ ವಿಷಯ. ಸ್ಟುಡಿಯೋ ನಡೆಸುವ ಪದ್ಮಜಾ ಬೆಂಗಳೂರಿನವರು. ಚಿತ್ರವನ್ನು ಲಾಸ್ ಗ್ಯಾಟೋಸ್‌ನಲ್ಲಿರುವ, ಸಿನಿಮಾ ತೋರಿಸುವ ದೊಡ್ಡ ಕಂಪನಿಗೆ ಮಾರಬೇಕೆಂಬ ಆಸೆ ಅವರಿಗೆ. ಕ್ಯಾಮೆರಾ ಗುರುಕಿರಣ್‌ನದು. ಚಿತ್ರದಲ್ಲಿ ಬರುವ ಮಾತು, ತೋರಿಸುವ ದೃಶ್ಯ ನಿಜವೋ ಅಲ್ಲವೋ ಎಂದು ಪರೀಕ್ಷಿಸುವುದು ಸಸ್ಯಶಾಸ್ತ್ರ ಓದಿದ ತಹ್ರೀಮ್‌ಳ ಕೆಲಸ. ಅವಳು ಒಪ್ಪದೆ ಯಾವುದೂ ಚಿತ್ರದೊಳಗೆ ಹೋಗುವಂತಿರಲಿಲ್ಲ.

ಮೊದಲ ಭಾಗಕ್ಕೆ ಅವಳು ಒಪ್ಪಿಗೆ ಕೊಟ್ಟಾಗಿತ್ತು. ಕರೆಂಟು ಹೋಗುತ್ತದೆ. ಪಂಪುಗಳು ನಿಂತು ಕೊಲ್ಲಿಯ ನೀರು ತಗ್ಗಿನ ಬಡಾವಣೆಗಳಿಗೆ ನುಗ್ಗುತ್ತದೆ. ಬಣ್ಣ ಬಳಿಯುವವರಿಲ್ಲದೆ ಸೇತುವೆಗಳು ತುಕ್ಕು ಹಿಡಿಯುತ್ತವೆ. ಇದೆಲ್ಲ ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ. ಆದರೆ ಗುರುಕಿರಣ್ ಈಗ ತಂದಿದ್ದು ಕಣ್ಣಾರೆ ಕಂಡದ್ದು. ವಾಲ್ನಟ್ ಕ್ರೀಕ್ ಊರಿನ ಆಚೆ ಕೋವಿಡ್ ಕಾಲದಲ್ಲಿ ಮುಚ್ಚಿದ ಆಫೀಸು ಕ್ಯಾಂಪಸ್ಸೊಂದು ಹಾಗೆಯೇ ಬಿದ್ದಿತ್ತು. ಅದರ ಒಳಂಗಳದಲ್ಲಿ ಮೊಣಕಾಲುದ್ದ ಹಸಿರು. ಒಡೆದ ಕಿಟಕಿಯಿಂದ ಮೀಟಿಂಗ್ ರೂಮಿನೊಳಗೆ ಹಬ್ಬಿದ ದ್ರಾಕ್ಷಿ ಬಳ್ಳಿ. ಗುಂಡಿಯಲ್ಲಿ ನಿಂತ ನೀರು ಕುಡಿಯುತ್ತಿದ್ದ ಬೂದು ನರಿ, ಅದರ ಎರಡು ಮರಿಗಳು. ಹಿನ್ನೆಲೆಯಲ್ಲಿ ಕಪ್ಪೆಗಳ ಸದ್ದು.

"ಮನುಷ್ಯ ಕಾಲಿಟ್ಟಿಲ್ಲ ಅಲ್ಲಿ. ಭೂಮಿ ತಾನೇ ವಾಪಸ್ ತಗೊಂಡಿದೆ," ಎಂದ ಗುರುಕಿರಣ್.

"ಯಾವಾಗ ಶೂಟ್ ಮಾಡಿದ್ದು ಇದು?" ತಹ್ರೀಮ್ ಕೇಳಿದಳು.

"ಹೋದ ತಿಂಗಳು."

"ಆಗಸ್ಟಲ್ಲಿ ಅಲ್ವಾ?"

ಅವನು ಲ್ಯಾಪ್‌ಟಾಪ್ ಮುಚ್ಚಿದ.

ಏಪ್ರಿಲ್ ಕಳೆದರೆ ಆ ಕಡೆ ಮಳೆಯಿಲ್ಲ. ಆಗಸ್ಟಿನ ಹೊತ್ತಿಗೆ ಗುಡ್ಡಗಳೆಲ್ಲ ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ಒಂದು ಕಿಡಿ ಬಿದ್ದರೆ ಹತ್ತಿಕೊಳ್ಳುವಂತಿರುತ್ತವೆ. ಅಂಥ ಕಡೆ ಕಪ್ಪೆ ಕೂಗಬೇಕಾದರೆ ಯಾರೋ ನೀರು ಬಿಡುತ್ತಿರಬೇಕು. ಯಾರು ಎಂದು ಯೋಚಿಸಿದಾಗ ತಹ್ರೀಮ್‌ಗೆ ಹೊಳೆದದ್ದು ಒಂದೇ ಹೆಸರು, ಗುರುಕಿರಣ್. ಇಬ್ಬರೂ ಮೈಸೂರಿನಲ್ಲಿ ಒಟ್ಟಿಗೆ ಓದಿದವರು. ಕುಕ್ಕರಹಳ್ಳಿ ಕೆರೆಯ ಮೇಲೆ ಒಂದು ಕಿರುಚಿತ್ರ ಮಾಡುವಾಗ ಹೆಜ್ಜಾರ್ಲೆ ಹಕ್ಕಿಗಳು ಹತ್ತಿರ ಬರಲೆಂದು ಗುರುಕಿರಣ್ ದೇವರಾಜ ಮಾರ್ಕೆಟ್ಟಿನಿಂದ ಮೀನು ತಂದು ದಡದಲ್ಲಿ ಸುರಿದಿದ್ದ. ಆಗ ಅವಳೂ ನಕ್ಕಿದ್ದಳು. ಈಗ ನಗು ಬರಲಿಲ್ಲ.

ಮರುದಿನ ಕಾಫಿ ಮಷೀನಿನ ಹತ್ತಿರ ಕೇಳಿಯೇಬಿಟ್ಟಳು. "ನನ್ನೂ ಕರ್ಕೊಂಡು ಹೋಗು ಅಲ್ಲಿಗೆ."

"ಪರ್ಮಿಶನ್ ಇರೋದು ನನಗೆ ಮಾತ್ರ."

"ನೀರು ಎಲ್ಲಿಂದ ಬರ್ತಿದೆ, ಗುರು?"

"ನೆಲದಡಿಯಿಂದ ಇರ್ಬಹುದು. ನನಗೇನ್ ಗೊತ್ತು? ನಂಬಿಕೆ ಇಲ್ವಾ ನನ್ ಮೇಲೆ?"

ಅವನ ಶೂಗಳ ಅಂಚಿನಲ್ಲಿ ಕೆಸರು ಒಣಗಿತ್ತು. ಅವಳು ಅದನ್ನು ನೋಡುತ್ತಿರುವುದು ಕಂಡು ಅವನು ಕಾಲು ಹಿಂದಕ್ಕೆಳೆದುಕೊಂಡ.

ತಹ್ರೀಮ್ ಪದ್ಮಜಾರ ರೂಮಿಗೆ ಹೋಗಿ ಸಂಶಯವನ್ನು ಹೇಳಿದಳು. ಪದ್ಮಜಾ ಪೆನ್ನು ಕೆಳಗಿಟ್ಟರು. "ನಾನು ಬಿಲ್ಡಿಂಗ್ ಓನರ್ ಹತ್ರ ಮಾತಾಡ್ತೀನಿ. ನೀವು ಹೋಗ್ ನೋಡ್ಕೊಂಡ್ ಬನ್ನಿ. ಅವನಿಗೆ ಹೇಳ್ಬೇಡಿ," ಎಂದರು. ಆ ಕೊನೆಯ ಮಾತು ತಹ್ರೀಮ್‌ಗೆ ಹಿಡಿಸಲಿಲ್ಲ. ಆದರೂ ಹೊರಟಳು.

ಶನಿವಾರ ಬೆಳಿಗ್ಗೆ ರೈಲಿಳಿದು, ಟ್ಯಾಕ್ಸಿ ಹಿಡಿದು ಕ್ಯಾಂಪಸ್ಸಿನ ಗೇಟಿಗೆ ಬಂದಾಗ ಗುರುಕಿರಣ್‌ನ ಕಾರು ಅಲ್ಲೇ ನಿಂತಿತ್ತು. ಅವಳು ಟ್ಯಾಕ್ಸಿಯನ್ನು ಕಳಿಸಿದಳು. ಸದ್ದಾಗದಂತೆ ಒಳಗೆ ಹೋದಳು. ಕಾರಿಡಾರಿನ ತುಂಬ ಧೂಳು. ಕುಂಡಗಳಲ್ಲಿ ಗಿಡಗಳ ಬದಲು ಕಡ್ಡಿಗಳು. ಹೊರಗಿನ ಹುಲ್ಲುಹಾಸೂ ಸತ್ತುಹೋಗಿತ್ತು. ಒಳಂಗಳದ ಬಾಗಿಲು ದಾಟಿದರೆ ಮಾತ್ರ ಹಸಿ ಮಣ್ಣಿನ ವಾಸನೆ. ಅವಳು ಕಂಬದ ಹಿಂದೆ ನಿಂತು, ಫೋನಿನ ಕ್ಯಾಮೆರಾ ತೆರೆದು ಕಾದಳು. ಪೈಪು ಹಿಡಿದ ಗುರುಕಿರಣ್ ಈಗ ಬರುತ್ತಾನೆ, ಈಗ ಬರುತ್ತಾನೆ ಎಂದು.

ಬಂದದ್ದು ನೀರು. ಕಾಲ ಬುಡದಲ್ಲೇ ಬುಸ್ಸೆಂದು ಸದ್ದಾಯಿತು. ಹಸಿರಿನ ನಡುವಿನಿಂದ ಕಪ್ಪು ಪೈಪಿನ ಮೂತಿಗಳು ತಾವಾಗಿಯೇ ಮೇಲೆದ್ದು ನೀರು ಚಿಮ್ಮಿಸತೊಡಗಿದವು. ಅವಳು ಗಾಬರಿಯಿಂದ "ಯಾರದು?" ಎಂದು ಕೂಗಿದಳು. ಗೋಡೆಯುದ್ದಕ್ಕೂ ಓಡಿದಳು. ಮೂಲೆಯಲ್ಲೊಂದು ಸಣ್ಣ ಟೈಮರ್ ಪೆಟ್ಟಿಗೆ, ಅದರಲ್ಲಿ ಮಿಣುಕುವ ಹಸಿರು ದೀಪ. ಹತ್ತಿರ ಯಾರೂ ಇರಲಿಲ್ಲ. ಕ್ಯಾಂಪಸ್ ಮುಚ್ಚಿ ಹೋದವರು ಇದನ್ನೊಂದನ್ನು ಆಫ್ ಮಾಡಲು ಮರೆತಿದ್ದರು. ಅಂದಿನಿಂದ ಅದು ದಿನಾ ಬೆಳಿಗ್ಗೆ ತನ್ನ ಪಾಡಿಗೆ ನೀರು ಹಾಕುತ್ತಲೇ ಇತ್ತು.

"ನೆಂದುಹೋದ್ಯಾ?" ಮೇಲಿನ ಕಿಟಕಿಯಿಂದ ಗುರುಕಿರಣ್ ಕೇಳಿದ. ಅವನ ಪಕ್ಕದಲ್ಲಿ ಕ್ಯಾಮೆರಾ ಇತ್ತು. "ಮೊದಲನೇ ದಿನ ನಾನೂ ಹಿಂಗೇ ನೆಂದಿದ್ದೆ."

"ಅಂದ್ರೆ ಗೊತ್ತಿತ್ತು ನಿನಗೆ."

ಅವನು ಕೆಳಗಿಳಿದು ಬಂದ. "ಗೊತ್ತಿತ್ತು. ಆದ್ರೆ ನಾನೇನೂ ಮಾಡಿಲ್ಲ. ಇಲ್ಲಿ ಮನುಷ್ಯರು ಇದ್ದಾರಾ? ತೋರ್ಸು."

"ಈ ಪೆಟ್ಟಿಗೆಗೆ ಕರೆಂಟ್ ಕೊಡೋರು ಇದ್ದಾರೆ. ನೀರು ಪಂಪ್ ಮಾಡೋರು ಇದ್ದಾರೆ. ನಾಳೆ ನಾವೆಲ್ಲ ಮಾಯ ಆದ್ರೆ ಇದೆಷ್ಟು ದಿನ ಓಡತ್ತೆ? ಮೊದಲನೇ ಬೇಸಿಗೇಲೇ ಇದೆಲ್ಲ ತರಗೆಲೆ."

"ಇದನ್ನ ಹೇಳಿದ್ರೆ ಸಿನಿಮಾನೇ ಬಿದ್ದೋಗತ್ತೆ."

"ಇಲ್ಲ. ಇದನ್ನೇ ತೋರ್ಸು. ಯಾರೂ ಇಲ್ಲ, ನೀರು ಮಾತ್ರ ಏಳ್ತಿದೆ. ನನಗೆ ಜೀವ ಹಾರಿಹೋಯ್ತು, ಗೊತ್ತಾ?"

ಕೊನೆಗೆ ಅವನು ಒಪ್ಪಿದ. ಒಂದೇ ಷರತ್ತು. ನರಿಮರಿಗಳು ದೊಡ್ಡವಾಗಿ ತಾವೇ ಹೋಗುವವರೆಗೆ ಬಿಲ್ಡಿಂಗಿನವರಿಗೆ ವಿಷಯ ತಿಳಿಯಬಾರದು. ತಹ್ರೀಮ್ ಮಾತು ಕೊಟ್ಟಳು. ಸೋಮವಾರ ಪದ್ಮಜಾರಿಗೆ ನಡೆದದ್ದನ್ನೆಲ್ಲ ಹೇಳಿ, ಈ ಷರತ್ತನ್ನೂ ಹೇಳಿದಳು. ಪದ್ಮಜಾ "ಪಾಪ, ಸರಿ," ಎಂದರು.

ಎರಡನೇ ವಾರ ಗುರುಕಿರಣ್ ಕೆಂಡವಾಗಿ ಆಫೀಸಿಗೆ ಬಂದ. ಬಿಲ್ಡಿಂಗಿನವರು ಪೆಟ್ಟಿಗೆಯ ವೈರು ಕಿತ್ತಿದ್ದರು, ನೀರಿನ ವಾಲ್ವಿಗೆ ಬೀಗ ಹಾಕಿದ್ದರು. ಗುಂಡಿ ಬತ್ತಿ, ಕಪ್ಪೆಗಳ ಸದ್ದು ಅಡಗಿತ್ತು.

"ನಿಜ ನಿಜ ಅಂತ ಬಡ್ಕೊಂಡು ಕಂಪ್ಲೇಂಟ್ ಮಾಡಿದ್ಯಲ್ಲ! ಸಮಾಧಾನ ಆಯ್ತಾ?"

"ಬಿಲ್ಡಿಂಗಿನವರಿಗೆ ನಾನು ಹೇಳಿಲ್ಲ, ಗುರು."

"ಕಳ್ಳಿ ಥರ ನನ್ನ ಹಿಂದೆ ಬಂದೋಳು ನೀನು. ನಿನ್ನ ಹೆಂಗೆ ನಂಬ್ಲಿ?"

ಮಾಡದ ತಪ್ಪಿಗೆ ಎದುರು ನಿಂತು, ಅನುಮಾನದಿಂದ ನೋಡುವ ಆ ಕಣ್ಣುಗಳನ್ನು ಸಹಿಸುವುದು ಎಷ್ಟು ಕಷ್ಟವೆಂದು ಅವಳಿಗೆ ಅಂದು ತಿಳಿಯಿತು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಳು. ವಿಷಯ ಗೊತ್ತಿದ್ದವರು ಮೂವರೇ ಅಲ್ಲವೇ ಎಂದು ಹೊಳೆದದ್ದೇ ಎದ್ದು ಪದ್ಮಜಾರ ರೂಮಿಗೆ ಹೋದಳು.

"ನೀವೇನಾ ಫೋನ್ ಮಾಡಿದ್ದು?"

ಪದ್ಮಜಾ ಮುಚ್ಚಿಡಲಿಲ್ಲ. "ಹೌದು. ಒಣಗೋದು ಬೇಕಿತ್ತು ನನಗೆ. ನೀವೇ ಹೇಳಿದ್ರಲ್ಲ, ಮನುಷ್ಯರು ಹೋದ್ರೆ ಮೊದಲನೇ ಬೇಸಿಗೇಲೇ ಎಲ್ಲ ತರಗೆಲೆ ಅಂತ? ಅದನ್ನ ನಿಜವಾಗ್ಲೂ ತೋರಿಸಬಹುದು ಈಗ. ಎಷ್ಟ್ ಜನಕ್ಕೆ ಸಿಗತ್ತೆ ಇಂಥ ಫೂಟೇಜು?"

ಬಾಗಿಲು ತೆರೆದೇ ಇತ್ತು. ಗುರುಕಿರಣ್ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡಿದ್ದ. ತಹ್ರೀಮ್ ಹೊರಬಂದಾಗ ಅವನು ತಲೆ ತಗ್ಗಿಸಿ, "ನಾಳೆ ಬರ್ತೀಯಾ? ಮರಿಗಳನ್ನ ಹುಡುಕ್ಬೇಕು," ಎಂದಷ್ಟೇ ಹೇಳಿದ.

ಒಳಂಗಳ ಆಗಲೇ ಬಾಡಿತ್ತು. ದ್ರಾಕ್ಷಿ ಎಲೆಗಳು ಮೇಜಿನ ಮೇಲೆ ಸುರುಟಿಕೊಂಡಿದ್ದವು. ನರಿಗಳ ಸುಳಿವು ಸಿಕ್ಕಿದ್ದು ಕೆಳಗಿನ ತೊರೆಯಲ್ಲಿ, ಕೆಸರಿನಲ್ಲಿ ಮೂಡಿದ ಹೆಜ್ಜೆಗಳಾಗಿ. ಅವುಗಳಲ್ಲಿ ಮರಿಗಳ ಸಣ್ಣ ಹೆಜ್ಜೆಗಳೂ ಇದ್ದವು. ಹಿಂತಿರುಗುವಾಗ ತಹ್ರೀಮ್ ಗೇಟಿನ ಬಳಿಯ ಪಾರ್ಕಿಂಗ್ ಲಾಟಿನಲ್ಲಿ ನಿಂತಳು. ಡಾಂಬರಿನ ಬಿರುಕಿನಲ್ಲಿ ಗೇಣುದ್ದದ ಓಕ್ ಸಸಿ, ಧೂಳು ಮೆತ್ತಿದ ಮುಳ್ಳಂಚಿನ ಎಲೆಗಳು. ಅದಕ್ಕೆ ಯಾರೂ ನೀರು ಹಾಕಿರಲಿಲ್ಲ. ಆ ಬಿರುಕಿನುದ್ದಕ್ಕೂ ಅಂಥವು ಇನ್ನೂ ಹಲವಿದ್ದವು.

"ಇಷ್ಟು ದಿನ ಇದರ ಮೇಲೇ ಕಾರು ನಿಲ್ಲಿಸ್ತಿದ್ನಲ್ಲ," ಎಂದ ಗುರುಕಿರಣ್. ಮಂಡಿಯೂರಿ ಕ್ಯಾಮೆರಾ ಇಟ್ಟ.

ನೀರನ್ನು ನಿಲ್ಲಿಸಿದ್ದು ಚಿತ್ರ ಮಾಡಿದವರೇ ಎಂಬ ಮಾತು ಚಿತ್ರದಲ್ಲಿ ಇರಲೇಬೇಕೆಂದು ತಹ್ರೀಮ್ ಹಟ ಹಿಡಿದಳು. ಪದ್ಮಜಾ ಒಪ್ಪಲಿಲ್ಲ. ಆಗ ಗುರುಕಿರಣ್, ಆ ಮಾತು ಸೇರುವವರೆಗೆ ಒಣಗಿದ ಒಳಂಗಳದ ಒಂದು ದೃಶ್ಯವನ್ನೂ ಕೊಡುವುದಿಲ್ಲವೆಂದ. ದೊಡ್ಡ ಕಂಪನಿಯವರು ಚಿತ್ರ ನೋಡುವ ದಿನ ಹತ್ತಿರವಾಗಿತ್ತು. ಪದ್ಮಜಾ ಮುಖ ಸಿಂಡರಿಸಿಕೊಂಡೇ ಆ ಸಾಲು ಸೇರಿಸಿದರು.

ಚಿತ್ರ ಮಾರಾಟವಾಯಿತು. ಆದರೆ ಅಂದಿನಿಂದ ಗುರುಕಿರಣ್, ತಹ್ರೀಮ್ ಕಾಫಿಗೆಂದು ಒಟ್ಟಿಗೆ ಎದ್ದರೆ ಸಾಕು, ಪದ್ಮಜಾ ತಮ್ಮ ಕಪ್ಪು ಹಿಡಿದುಕೊಂಡು ಬಂದು ಕೇಳುತ್ತಾರೆ: "ಏನ್ ಮಾತಾಡ್ಕೋತಿದ್ರಿ?"