ಉಜ್ಜಿದರೆ ಹೋಗುವ ಹೆಸರು

ಮೆಷಿನ್ನಿನ ಹೀಟರ್ ಕೆಟ್ಟು ನಾಲ್ಕು ದಿನವಾಗಿತ್ತು. ಓಡೋವರೆಗೂ ಓಡಿಸು ಎಂದು ಹೇಳಿ ಜೆರಾಕ್ಸ್ ಅಂಗಡಿ ಮಾಲೀಕ ನಟರಾಜು ಕೈತೊಳೆದುಕೊಂಡಿದ್ದ. ಬೈಸಿಕೊಳ್ಳಲು ನಾನಿದ್ದೆನಲ್ಲ, ಭಾನುಪ್ರಿಯ, ಮಾಗಡಿಯಲ್ಲಿ ಅವನ ಅಂಗಡಿ ಕಾಯುವವಳು.

ಆ ಬೆಳಿಗ್ಗೆ ಕಲ್ಯ ಹಳ್ಳಿಯ ಶಿವಲಿಂಗಮ್ಮ ಜೆರಾಕ್ಸಿಗೆ ವಿಭಾಗಪತ್ರ ತಂದರು. ಅವರ ಅಪ್ಪ ಮಗಳಿಗೂ ಜಮೀನಿನಲ್ಲಿ ಪಾಲು ಬರೆದಿದ್ದರು. ಅವರ ತಮ್ಮ ಎಲ್ಲವನ್ನೂ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಿದ್ದ. ತಾಲ್ಲೂಕು ಕಚೇರಿಗೆ ತಕರಾರು ಕೊಡಲು ಅಂದೇ ಕಡೆಯ ದಿನ. ಊರ ಹಿರಿಯರ ಮಾತಿಗೆ ಕಟ್ಟುಬಿದ್ದು ಮೂಲಪತ್ರವನ್ನು ಒಂದು ಗಳಿಗೆ ಕೊಟ್ಟಿದ್ದ ತಮ್ಮ, ಹೊರಗೆ ಬೈಕಿನ ಮೇಲೆಯೇ ಕೂತಿದ್ದ.

ಮೊದಲ ಪ್ರತಿಯ ಹಾಳೆ ಹೀಟರ್ ತಲುಪುವ ಮೊದಲೇ ಮೆಷಿನ್ನಿನೊಳಗೆ ಸಿಕ್ಕಿಕೊಂಡಿತು. ಮೆಲ್ಲಗೆ ಎಳೆದು ಪಕ್ಕಕ್ಕಿಟ್ಟು, ಇನ್ನೊಂದು ಪ್ರತಿ ತೆಗೆದು ಕೊಟ್ಟೆ. ಉಜ್ಜಬೇಡಿ ಎಂದು ಹೇಳುವುದನ್ನು ಮರೆತೆ. ತಮ್ಮ ಮೂಲಪತ್ರ ಕಿತ್ತುಕೊಂಡು ಹೊರಟ.

ಅರ್ಧ ಗಂಟೆಗೆ ಶಿವಲಿಂಗಮ್ಮ ವಾಪಸ್ ಬಂದರು. ಒಳ್ಳೆಯದಾಗಲಿ ಎಂದು ಹಾಳೆಯ ಮೂಲೆಗೆ ಅರಿಶಿನ ಕುಂಕುಮ ಹಚ್ಚಿ, ಉದುರಿದ್ದನ್ನು ಸೆರಗಿನಲ್ಲಿ ಒರೆಸಿದ್ದರು. ಅವರ ಹೆಸರಿದ್ದ ಸಾಲು ಮಸಿಯಾಗಿತ್ತು. ನಿಮ್ಮ ಹೆಸರೇ ಇಲ್ಲವಲ್ಲ ಎಂದು ಗುಮಾಸ್ತ ಕಳಿಸಿಬಿಟ್ಟಿದ್ದ.

"ತಪ್ಪು ನಂದೇ ಕಣವ್ವ. ನನ್ ಹೆಸ್ರ ನಾನೇ ಅಳಿಸ್ಬುಟ್ಟೆ."

ನನಗೆ ಮೈಯೆಲ್ಲ ಉರಿದುಹೋಯಿತು. ಮೆಷಿನ್ನಿಗೊಂದು ಗುದ್ದಿದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ನಟರಾಜು ಮಾಡಿದ ಪಾಪ, ನಾನು ಹೇಳದೆ ಬಿಟ್ಟ ಪಾಪ, ಅದನ್ನು ಈಯಮ್ಮ ಯಾಕೆ ಹೊರಬೇಕು? ಅದು ಶಾಯಿಯಲ್ಲ ಎಂದು ಬಿಡಿಸಿ ಹೇಳಿದೆ. ಒಳಗಿನ ಡ್ರಮ್ಮಿನ ಮೇಲೆ ಲೇಸರ್ ಬೆಳಕು ಕಣ್ಣಿಗೆ ಕಾಣದಂತೆ ಅಕ್ಷರ ಬರೆಯುತ್ತದೆ. ಅಷ್ಟು ಜಾಗಕ್ಕೆ ಟೋನರ್ ಪುಡಿ ಕರೆಂಟಿನ ಸೆಳೆತಕ್ಕೆ ಅಂಟುತ್ತದೆ, ಅಲ್ಲಿಂದ ಹಾಳೆಗೆ ಇಳಿಯುತ್ತದೆ. ಅದು ಪ್ಲಾಸ್ಟಿಕ್ ಬೆರೆತ ಪುಡಿ. ಹೀಟರ್ ಕರಗಿಸಿ ಒತ್ತಿದರೆ ಮಾತ್ರ ನಿಲ್ಲುತ್ತದೆ.

ಕರಗಿಸಿದರೆ ನಿಲ್ಲುತ್ತದೆ! ಪಕ್ಕಕ್ಕಿಟ್ಟ ಮೊದಲ ಹಾಳೆ ನೆನಪಾಯಿತು. ಹೆಸರು ಪುಡಿಯಾಗಿ ಅದರ ಮೇಲೆ ಹಾಗೆಯೇ ಕೂತಿತ್ತು. ಪುಡಿ ಹಾರದಂತೆ ಉಸಿರು ಬಿಗಿಹಿಡಿದು ಎದುರಿನ ಇದ್ರೀಸನ ಇಸ್ತ್ರಿ ಗಾಡಿಗೆ ಒಯ್ದೆ. ತೆಳುಬಟ್ಟೆ ಹಾಸಿ, ಪೆಟ್ಟಿಗೆಯನ್ನು ಎಳೆಯದೆ ಎತ್ತಿ ಎತ್ತಿ ಇಡಲು ಹೇಳಿದೆ. ಅಂಚಿನ ಒಂದೆರಡು ಅಕ್ಷರ ಬಟ್ಟೆಗೆ ಹತ್ತಿದವು. ಹೆಸರು ನಿಂತಿತು.

ಅಷ್ಟರಲ್ಲಿ ನಟರಾಜು ಫೋನು ಮಾಡಿ, ಅಂಗಡಿ ಬಿಟ್ಟು ಎಲ್ಲಿ ಹಾಳಾಗಿ ಹೋದೆ ಎಂದ.

"ಬಾಗ್ಲು ಹಾಕ್ಬುಟ್ಟಿವ್ನಿ. ಹೀಟರ್ ಹಾಕ್ಸಿ, ಆಮೇಲೆ ಕರೀರಿ."

ಕಚೇರಿಯಲ್ಲಿ ಗುಮಾಸ್ತ ಹಾಳೆಯನ್ನು ಅನುಮಾನದಿಂದ ನೋಡಿ, ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದ. ಬೆಳಿಗ್ಗೆ ತಲೆ ತಗ್ಗಿಸಿ ಹೊರಬಂದಿದ್ದ ಶಿವಲಿಂಗಮ್ಮ ಅವನ ಮೇಜಿನ ಮೇಲೆ ಎರಡೂ ಕೈ ಊರಿದರು.

"ಒಸಿ ಜೋರಾಗೇ ಉಜ್ಜಿ ಸ್ವಾಮಿ."

ಅವನು ಉಜ್ಜಿದ. ಬೆರಳು ನೋಡಿಕೊಂಡ. ಆಮೇಲೆ ಸೀಲು ಎತ್ತಿಕೊಂಡ.